2012ರ ಬೋರ್ಡ್‌ಗೆ ಎನ್‌ವಿಎಂಇ ಕಲಿಸಿದ ಪ್ರಕರಣ

ಒಂದು ಸಂಜೆ ಭಾವ ಫೋನ್ ಮಾಡಿದರು. "ಹೊಸ ಡ್ರೈವ್ ಹಾಕಿದೀನಿ ಕಣೋ. ವಿಂಡೋಸ್‌ನಲ್ಲಿ ಕಾಣುತ್ತೆ, ಬಯಾಸ್‌ನಲ್ಲಿ ಕಾಣಲ್ಲ. ಡ್ರೈವ್ ಕೆಟ್ಟಿದೆಯಾ, ಬೋರ್ಡ್ ಕೆಟ್ಟಿದೆಯಾ?"

ಎರಡೂ ಕೆಟ್ಟಿರಲಿಲ್ಲ. ಅವರ ಮಾತಿನಲ್ಲೇ ರೋಗ ಏನೆಂದು ಗೊತ್ತಾಗಿಬಿಟ್ಟಿತ್ತು. ಗೊತ್ತಿಲ್ಲದೇ ಇದ್ದದ್ದು ಒಂದೇ: ಅದನ್ನು ಸರಿಮಾಡಲು ಹೋಗಿ ಆ ಬೋರ್ಡನ್ನು ನಾನೇ ಒಂದು ರಾತ್ರಿ ಪೂರ್ತಿ ಮಲಗಿಸಿಬಿಡುತ್ತೇನೆ ಅನ್ನುವುದು.

ಯಂತ್ರ ಮತ್ತು ತಕರಾರು

ಇಂಟೆಲ್ ಎಚ್77 ಚಿಪ್‌ಸೆಟ್‌ನ ಮದರ್‌ಬೋರ್ಡ್, 2012ರದ್ದು. ಅದರ ಮೇಲೆ ಕೋರ್ ಐ7-3770 ಪ್ರೊಸೆಸರ್, 16 ಜಿಬಿ ಡಿಡಿಆರ್3 ರ‍್ಯಾಮ್. ಉದ್ದದ ಸ್ಲಾಟ್ ಎರಡಿವೆ, ಒಂದರಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂತಿದೆ. ಭಾವ ಈ ಯಂತ್ರದಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತಾರೆ. ಪ್ರೊಸೆಸರ್ ಹಳೆಯದಾದರೂ ಅವರ ಕೆಲಸಕ್ಕೆ ಸಾಕಾಗುತ್ತಿತ್ತು. ಸಾಲದೇ ಬಂದದ್ದು ಡಿಸ್ಕ್. ಸಾಟಾ ಎಸ್‌ಎಸ್‌ಡಿ ಎಷ್ಟೇ ಒಳ್ಳೆಯದಿದ್ದರೂ ಸೆಕೆಂಡಿಗೆ 550 ಎಂಬಿ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ದಾರಿ ಇರುವುದೇ ಅಷ್ಟು ಅಗಲ. ಹಾಗಾಗಿ 1 ಟಿಬಿಯ ಎಂ.2 ಎನ್‌ವಿಎಂಇ ಡ್ರೈವ್ ತಂದರು, ಅಂದರೆ ಸಾಟಾ ಬಿಟ್ಟು ಪಿಸಿಐಇ ದಾರಿಯಲ್ಲಿ ಮಾತಾಡುವ ಎಸ್‌ಎಸ್‌ಡಿ. ಅದನ್ನು ಗ್ರಾಫಿಕ್ಸ್ ಕಾರ್ಡ್ ಕೂರುವಂಥ ಪಿಸಿಐಇ ಸ್ಲಾಟ್‌ನಲ್ಲಿ ಕೂರಿಸಲು ಒಂದು ಅಡಾಪ್ಟರ್ ಕಾರ್ಡ್ ಕೂಡ. ಈ ಅಡಾಪ್ಟರ್‌ನಲ್ಲಿ ಜಾಣತನ ಏನೂ ಇರಲ್ಲ. ಆ ಕಡೆಯ ತಂತಿಗಳನ್ನು ಈ ಕಡೆಗೆ ಎಳೆದಿರುತ್ತಾರೆ, ಅಷ್ಟೇ.

ಈಗ ತೊಂದರೆ ಎಲ್ಲಿ? ಯಂತ್ರ ಆನ್ ಆದ ಕೂಡಲೇ ಓಡುವುದು ವಿಂಡೋಸ್ ಅಲ್ಲ. ಬೋರ್ಡಿನ ಮೇಲಿನ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿರುವ ಫರ್ಮ್‌ವೇರ್. ಬಾಯಿಮಾತಿನಲ್ಲಿ ನಾವೆಲ್ಲ ಬಯಾಸ್ ಅನ್ನುತ್ತೇವೆ, 2012ರ ಹೊತ್ತಿಗೆ ಅದು ಆಗಲೇ ಯುಇಎಫ್‌ಐ ಆಗಿತ್ತು. ಅದು ಡಿಸ್ಕಿನಿಂದ ಬೂಟ್‌ಲೋಡರ್ ಓದಿ, ಯಂತ್ರವನ್ನು ವಿಂಡೋಸ್ ಕೈಗೆ ಒಪ್ಪಿಸಬೇಕು. ವಿಂಡೋಸ್‌ಗೆ 8.1ರಿಂದಲೇ ಎನ್‌ವಿಎಂಇ ಜೊತೆ ಮಾತಾಡಲು ಬರುತ್ತದೆ. ಲಿನಕ್ಸ್ ಕರ್ನಲ್‌ಗೆ 2012ರಲ್ಲಿ ಬಂದ 3.3ರಿಂದ ಬರುತ್ತದೆ. ಆದರೆ ಭಾವನಿಗೆ ಬೇಕಿದ್ದದ್ದು ಆ ವಿಂಡೋಸ್ ಎನ್‌ವಿಎಂಇ ಡ್ರೈವ್ ಒಳಗೇ ಇರುವುದು. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಫರ್ಮ್‌ವೇರ್‌ಗೂ ಎನ್‌ವಿಎಂಇ ಭಾಷೆ ಬರಬೇಕು, ಇಲ್ಲದಿದ್ದರೆ ಅದು ಆ ಡ್ರೈವ್ ಒಳಗೆ ಇಣುಕಿ ನೋಡುವುದೇ ಇಲ್ಲ.

ಎನ್‌ವಿಎಂಇ ಮಾನದಂಡದ ಮೊದಲ ಆವೃತ್ತಿ ಬಂದದ್ದು 2011ರಲ್ಲಿ. ಸಾಮಾನ್ಯ ಬಳಕೆದಾರರ ಕೈಗೆ ಇಂಥ ಡ್ರೈವ್‌ಗಳು ಸಿಗತೊಡಗಿದ್ದು 2015ರ ಸುಮಾರಿಗೆ. 2012ರಲ್ಲಿ ಬೋರ್ಡ್ ಮಾಡಿದವರು ಇದನ್ನು ಸೇರಿಸಲಿಲ್ಲ ಅಂತ ಬೈಯುವುದು ತಪ್ಪು. ಆಮೇಲೆ ಅಪ್‌ಡೇಟ್ ಕೊಡಬಹುದಿತ್ತಲ್ಲ ಅಂದರೆ, ಕೊಡಬಹುದಿತ್ತು. ಕೊಡಲಿಲ್ಲ. ಹಳೆ ಬೋರ್ಡ್‌ಗೆ ಹೊಸ ಬದುಕು ಕೊಟ್ಟರೆ ಹೊಸ ಬೋರ್ಡ್ ಯಾರು ಕೊಳ್ಳುತ್ತಾರೆ, ಅಲ್ವಾ?

ಮೊದಲು ಬಿಟ್ಟುಕೊಟ್ಟ ದಾರಿಗಳು

ಫರ್ಮ್‌ವೇರ್ ತಿದ್ದುವುದು ನನ್ನ ಮೊದಲ ಸಲಹೆ ಆಗಿರಲಿಲ್ಲ. ಈಗಲೂ ಯಾರಾದರೂ ಕೇಳಿದರೆ ಮೊದಲು ಹೇಳುವುದು ಯುಎಸ್‌ಬಿ ದಾರಿಯನ್ನೇ. ಕ್ಲೋವರ್ ಅನ್ನುವ ಬೂಟ್‌ಲೋಡರನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ, ಅದರ ಡ್ರೈವರ್ ಫೋಲ್ಡರ್‌ನಲ್ಲಿ ಎನ್‌ವಿಎಂಇ ಡ್ರೈವರ್ ಇಟ್ಟರೆ ಆಯಿತು. ಬೋರ್ಡ್ ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ, ಕ್ಲೋವರ್ ಆ ಡ್ರೈವರನ್ನು ಎತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಎನ್‌ವಿಎಂಇ ಡ್ರೈವ್ ಕಾಣುತ್ತದೆ. ಬೋರ್ಡಿನ ಚಿಪ್ ಮುಟ್ಟುವ ಗೋಜೇ ಇಲ್ಲ. ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ: ಬೂಟ್ ಪಾರ್ಟಿಷನ್ ಮಾತ್ರ ಹಳೆ ಸಾಟಾ ಡಿಸ್ಕ್‌ನಲ್ಲಿ ಇಟ್ಟು ಉಳಿದದ್ದನ್ನೆಲ್ಲ ಎನ್‌ವಿಎಂಇಗೆ ಹಾಕಬಹುದು.

ಎರಡು ವಾರ ಭಾವನ ಯಂತ್ರ ಪೆನ್‌ಡ್ರೈವ್ ಮೇಲೇ ಓಡಿತು. ಚೆನ್ನಾಗಿಯೇ ಓಡಿತು. ಆಮೇಲೆ ಮನೆಯಲ್ಲಿ ಯಾರೋ ಯಾವುದೋ ಫೈಲ್ ಕಾಪಿ ಮಾಡಿಕೊಳ್ಳಲು ಆ ಪೆನ್‌ಡ್ರೈವ್ ಕಿತ್ತುಕೊಂಡು ಫಾರ್ಮ್ಯಾಟ್ ಮಾಡಿದರು. ಭಾವನ ಸಹನೆ ಅಲ್ಲಿಗೆ ಮುಗಿಯಿತು. "ಒಳಗೇ ಸೇರಿಸಿಬಿಡು" ಅಂದರು.

ಸೇರಿಸುವ ಮೊದಲು ಒಂದು ವಿಷಯ ನೋಡಿಕೊಂಡೆ. ಎರಡನೆಯ ಉದ್ದದ ಸ್ಲಾಟ್ ನೋಡಲು 16 ಲೇನ್‌ನದು (ಲೇನ್ ಅಂದರೆ ಡೇಟಾ ಓಡುವ ಒಂದು ಸಾಲು), ಒಳಗೆ ತಂತಿ ಇರುವುದು ನಾಲ್ಕಕ್ಕೆ ಮಾತ್ರ, ಅದೂ ಚಿಪ್‌ಸೆಟ್‌ನಿಂದ ಬರುವ ಪಿಸಿಐಇ 2.0. ಪಿಸಿಐಇ 2.0ರಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ 500 ಎಂಬಿ, ನಾಲ್ಕಕ್ಕೆ 2 ಜಿಬಿ. ಡ್ರೈವ್ 3.0ರದ್ದು, ಅದರ ನಾಲ್ಕು ಲೇನ್‌ಗಳಿಗೆ ಸುಮಾರು 3.9 ಜಿಬಿ ಸಾಮರ್ಥ್ಯ. ಅಂದರೆ ಅರ್ಧ ವೇಗ ಸ್ಲಾಟ್‌ನಲ್ಲೇ ಹೋಗುತ್ತದೆ. ಅದು ಗೊತ್ತಿದ್ದೇ ಮುಂದುವರಿದೆವು. ಗೊತ್ತಿಲ್ಲದ್ದು, ಯಂತ್ರದ ಒಳವಿವರ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಾಗ ಕಂಡಿತು. ಸ್ಲಾಟ್ ಒಂದೇ ಲೇನ್‌ನಲ್ಲಿ ಓಡುತ್ತಿತ್ತು! ಈ ಬೋರ್ಡ್‌ನಲ್ಲಿ ಆ ಸ್ಲಾಟ್ ತನ್ನ ಲೇನ್‌ಗಳನ್ನು ಪಕ್ಕದ ಚಿಕ್ಕ ಸ್ಲಾಟ್‌ಗಳ ಜೊತೆ ಹಂಚಿಕೊಳ್ಳುತ್ತದೆ. ಸೆಟಪ್‌ನಲ್ಲಿ ಹೋಗಿ ನಾಲ್ಕು ಲೇನ್ ಅಂತ ಆರಿಸಿದರೆ ಚಿಕ್ಕವು ಮುಚ್ಚಿಕೊಳ್ಳುತ್ತವೆ. ಎರಡು ವಾರ ಭಾವ ಸಾಟಾಗಿಂತಲೂ ನಿಧಾನದ ದಾರಿಯಲ್ಲಿ ಎನ್‌ವಿಎಂಇ ಓಡಿಸುತ್ತಿದ್ದರು. "ಏನೋ ಸ್ಪೀಡಾಗಿದೆ ಅನಿಸುತ್ತೆ" ಅಂತಲೂ ಹೇಳಿದ್ದರು. ನಾನು ಏನೂ ಹೇಳಲಿಲ್ಲ.

ಚಿಪ್‌ನಿಂದ ಓದಿಕೊಳ್ಳುವುದು

ಬೋರ್ಡ್ ತಯಾರಕರ ವೆಬ್‌ಸೈಟಿನಿಂದ ಬಯಾಸ್ ಫೈಲ್ ಇಳಿಸಿಕೊಂಡು, ಅದಕ್ಕೆ ಡ್ರೈವರ್ ಸೇರಿಸಿ, ಬೋರ್ಡ್‌ನದೇ ಅಪ್‌ಡೇಟ್ ಸೌಲಭ್ಯದಲ್ಲಿ ಹಾಕಿದರೆ ಸಾಕಲ್ಲ ಅಂತ ಅನಿಸುತ್ತದೆ. ನನಗೂ ಅನಿಸಿತ್ತು. ಈ ಬೋರ್ಡ್ ತಿದ್ದಿದ ಫೈಲ್ ನೋಡಿದ ಕೂಡಲೇ ಬೇಡ ಅಂದಿತು. ಇಂಟೆಲ್‌ನ ಎಫ್‌ಪಿಟಿ ಅನ್ನುವ ಉಪಕರಣದಿಂದ ವಿಂಡೋಸ್ ಒಳಗಿಂದಲೇ ಬರೆಯಲು ನೋಡಿದೆ. ಎರರ್ 280 ಬಂತು: ಬಯಾಸ್ ಭಾಗದ ಬರೆಯುವ ರಕ್ಷಣೆ ತೆಗೆಯಲಾಗಲಿಲ್ಲ ಅಂತ. ಕೆಲವು ಬೋರ್ಡ್‌ಗಳಲ್ಲಿ ಯಂತ್ರವನ್ನು ಒಮ್ಮೆ ಸ್ಲೀಪ್‌ಗೆ ಹಾಕಿ ಎಬ್ಬಿಸಿದರೆ ಈ ಬೀಗ ಬಿಟ್ಟಿರುತ್ತದೆ. ಇಲ್ಲಿ ಬಿಡಲಿಲ್ಲ.

ಹಾಗಾಗಿ ಪ್ರೋಗ್ರಾಮರ್, ಅಂದರೆ ಚಿಪ್‌ಗೆ ಹೊರಗಿನಿಂದಲೇ ಬರೆಯುವ ಉಪಕರಣ. ಸಿಎಚ್341ಎ ಚಿಪ್ ಇರುವ ಅಗ್ಗದ ಯುಎಸ್‌ಬಿ ಕಡ್ಡಿ, ಜೊತೆಗೆ ಎಂಟು ಕಾಲಿನ ಚಿಪ್ ಕಚ್ಚಿ ಹಿಡಿಯುವ ಕ್ಲಿಪ್. ಬೋರ್ಡಿನ ಫ್ಲ್ಯಾಶ್ ಚಿಪ್ ಸಾಕೆಟ್‌ನಲ್ಲಿ ಇದ್ದಿದ್ದರೆ ಕಿತ್ತು ತೆಗೆದು ಓದಬಹುದಿತ್ತು. ಇಲ್ಲಿ ಬೆಸುಗೆ ಹಾಕಿದ್ದಾರೆ. ಲೆನ್ಸ್ ಹಿಡಿದು ನೋಡಿದರೆ ವಿನ್‌ಬಾಂಡ್ 25ಕ್ಯೂ64 ಅಂತ ಬರೆದಿದೆ. 64 ಮೆಗಾಬಿಟ್, ಅಂದರೆ 8 ಎಂಬಿ. 3.3 ವೋಲ್ಟ್‌ನ ಚಿಪ್.

ಆ ವೋಲ್ಟ್ ಲೆಕ್ಕ ಮುಖ್ಯ. ಕಪ್ಪು ಬಣ್ಣದ ಸಿಎಚ್341ಎ ಬೋರ್ಡ್‌ಗಳಲ್ಲಿ ಒಂದು ಕುಖ್ಯಾತ ದೋಷ ಇದೆ. ಚಿಪ್‌ಗೆ ವಿದ್ಯುತ್ ಕೊಡುವ ಕಾಲಿನಲ್ಲಿ 3.3 ವೋಲ್ಟ್ ಸರಿಯಾಗಿಯೇ ಬರುತ್ತದೆ, ಡೇಟಾ ಕಾಲುಗಳಲ್ಲಿ ಮಾತ್ರ 5 ವೋಲ್ಟ್. ನನ್ನ ಬಳಿ ಇದ್ದದ್ದೂ ಅದೇ ಕಪ್ಪು. ಮಲ್ಟಿಮೀಟರ್ ಇಟ್ಟು ನೋಡಿದೆ, 5ಕ್ಕೆ ಹತ್ತಿರವೇ ತೋರಿಸಿತು. ಅದರಲ್ಲೇ ನೂರಾರು ಚಿಪ್ ಬರೆದವರಿದ್ದಾರೆ, ಏನೂ ಆಗಲ್ಲ ಅನ್ನುತ್ತಾರೆ. ಇಲ್ಲಿ ಕ್ಲಿಪ್ ಕಚ್ಚುವುದು ಬೋರ್ಡ್ ಮೇಲೇ ಇರುವ ಚಿಪ್ಪನ್ನು. ಆ 5 ವೋಲ್ಟ್ ಅದೇ ತಂತಿ ಹಿಡಿದು ಬೋರ್ಡಿನ ಚಿಪ್‌ಸೆಟ್‌ವರೆಗೂ ಹೋಗುತ್ತದೆ. ವೋಲ್ಟೇಜ್ ಆರಿಸುವ ಜಂಪರ್ ಇರುವ ಇನ್ನೊಂದು ಪ್ರೋಗ್ರಾಮರ್ ತರಿಸಿಕೊಂಡೆ. ನಾಲ್ಕು ದಿನ ಕಾದದ್ದು ದೊಡ್ಡದಲ್ಲ.

ಪವರ್ ಕೇಬಲ್ ಕಿತ್ತು, ಗುಂಡಿ ಬ್ಯಾಟರಿ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಬಿಟ್ಟೆ. ಕ್ಲಿಪ್‌ನ ಕೆಂಪು ತಂತಿ ಚಿಪ್‌ನ 1ನೇ ಕಾಲಿನ ಕಡೆ, ಚುಕ್ಕಿ ಇರುವ ಮೂಲೆಗೆ. ಚಿಪ್ ಓದಿ ಬರೆಯುವ ಫ್ಲ್ಯಾಶ್‌ರಾಮ್ ಅನ್ನುವ ತಂತ್ರಾಂಶದಲ್ಲಿ ಮೂರು ಸಲ ಓದಿಸಿದೆ. ಮೂರೂ ಫೈಲ್ ಸರಿಯಾಗಿ 83,88,608 ಬೈಟ್. ಗಾತ್ರ ಸರಿ ಇದೆ ಅಂದರೆ ಒಳಗಿರುವುದು ಸರಿ ಅಂತ ಅಲ್ಲ. ಕ್ಲಿಪ್ ತಾಗದೇ ಇದ್ದರೂ ಬರೀ ಎಫ್‌ಎಫ್ (ಖಾಲಿ ಬೈಟ್) ತುಂಬಿದ 8 ಎಂಬಿ ಫೈಲ್ ಸಿಗುತ್ತದೆ. ಮೂರಕ್ಕೂ ಶಾ-256 (ಫೈಲ್‌ನ ಬೆರಳಚ್ಚಿನಂಥ ಲೆಕ್ಕ) ಹಾಕಿ ನೋಡಿದೆ. ಎರಡು ಒಂದೇ, ಮೂರನೆಯದು ಬೇರೆ. ಹೋಲಿಸಿದರೆ ಎಲ್ಲೋ ನಡುವೆ ಒಂದಷ್ಟು ಬೈಟ್ ಮಾತ್ರ ವ್ಯತ್ಯಾಸ. ಕ್ಲಿಪ್ ತೆಗೆದು, ಚಿಪ್‌ನ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಕಚ್ಚಿಸಿ ಇನ್ನೂ ಮೂರು ಸಲ ಓದಿದೆ. ಈ ಸಲ ಮೂರೂ ಒಂದೇ, ಹಿಂದಿನ ಎರಡಕ್ಕೂ ಹೊಂದುತ್ತವೆ. ಅದನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಭಾವನ ಕೈಗೆ ಕೊಟ್ಟೆ. ಈ ಸಲ ಯಾರೂ ಫಾರ್ಮ್ಯಾಟ್ ಮಾಡಬಾರದು ಅಂತ ಹೇಳಿಯೇ ಕೊಟ್ಟೆ.

ತಯಾರಕರ ಫೈಲ್ ಇರುವಾಗ ಇಷ್ಟು ಕಷ್ಟಪಟ್ಟು ಓದುವುದು ಯಾಕೆ? ಈ 8 ಎಂಬಿಯಲ್ಲಿ ಬಯಾಸ್ ಒಂದೇ ಇಲ್ಲ. ಶುರುವಿನಲ್ಲಿ ಯಾವ ಭಾಗ ಎಲ್ಲಿದೆ ಅಂತ ಹೇಳುವ ಡಿಸ್ಕ್ರಿಪ್ಟರ್, ನಂತರ ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್ (ಚಿಪ್‌ಸೆಟ್ ಒಳಗಿನ ಪುಟ್ಟ ನಿಯಂತ್ರಕ) ಓಡಿಸುವ ಫರ್ಮ್‌ವೇರ್, ಉಳಿದದ್ದು ಬಯಾಸ್. ಬೋರ್ಡಿನ ಸೀರಿಯಲ್ ನಂಬರ್, ನೆಟ್‌ವರ್ಕ್‌ನ ಮ್ಯಾಕ್ ವಿಳಾಸದಂಥ ಈ ಒಂದು ಬೋರ್ಡ್‌ಗಷ್ಟೇ ಸೇರಿದ ವಿವರಗಳೂ ಇದರೊಳಗೇ ಇರುತ್ತವೆ. ಯಾರೋ ಆಗಲೇ ತಿದ್ದಿಟ್ಟ ಫೈಲ್ ಇಳಿಸಿಕೊಂಡು ಪೂರ್ತಿ ಚಿಪ್‌ಗೆ ಬರೆದರೆ, ಇನ್ಯಾರದೋ ಬೋರ್ಡಿನ ಗುರುತು ನಿಮ್ಮದಕ್ಕೆ ಬರುತ್ತದೆ. ಆ ಫೈಲ್‌ನಲ್ಲಿ ಮತ್ತೇನು ಸೇರಿಸಿದ್ದಾರೋ ನೋಡುವವರು ಯಾರು? ವಿಂಡೋಸ್‌ಗಿಂತ ಮೊದಲು ಓಡುವ ಕೋಡ್ ಅದು, ಆಂಟಿವೈರಸ್‌ಗೆ ಸುಲಭವಾಗಿ ಸಿಗುವಂಥದ್ದಲ್ಲ.

ಸೇರಿಸಿದ್ದು, ಕೆಡಿಸಿದ್ದು

ಸೇರಿಸಬೇಕಾದ ವಸ್ತು ಬಹಳ ಚಿಕ್ಕದು. ಯುಇಎಫ್‌ಐ ಒಳಗೆ ಡಿಎಕ್ಸ್‌ಇ ಅನ್ನುವ ಹಂತ ಇದೆ. ರ‍್ಯಾಮ್ ಎದ್ದ ಮೇಲೆ ಒಂದೊಂದೇ ಡ್ರೈವರನ್ನು ಎಬ್ಬಿಸುವ ಹಂತ: ಕೀಬೋರ್ಡ್, ಯುಎಸ್‌ಬಿ, ಸಾಟಾ, ಹೀಗೆ. ಆ ಸಾಲಿಗೆ ಎನ್‌ವಿಎಂಇ ಡ್ರೈವರ್ ಒಂದನ್ನು ಸೇರಿಸಿದರೆ ಆಯಿತು. ಆ ಡ್ರೈವರ್ ಗುಟ್ಟಿನದೂ ಅಲ್ಲ. ಟಿಯಾನೋಕೋರ್ ಯೋಜನೆಯ ಇಡಿಕೆ2ನಲ್ಲಿ ಅದರ ಮೂಲ ಕೋಡ್ ತೆರೆದೇ ಇದೆ, ಬೇಕಾದವರು ತಾವೇ ಕಂಪೈಲ್ ಮಾಡಿಕೊಳ್ಳಬಹುದು. ಹೊಸ ಬೋರ್ಡ್‌ಗಳ ಫರ್ಮ್‌ವೇರ್‌ನಿಂದ ತೆಗೆದಿಟ್ಟ ಡ್ರೈವರ್ ಫೈಲ್‌ಗಳೂ (ಎಫ್‌ಎಫ್‌ಎಸ್) ಓಡಾಡುತ್ತವೆ. ನಾನು ಇಡಿಕೆ2ನಿಂದ ಕಟ್ಟಿದ ಚಿಕ್ಕ ಆವೃತ್ತಿಯನ್ನೇ ತೆಗೆದುಕೊಂಡೆ. ಹಳೆ ಬೋರ್ಡ್‌ಗಳ ಚಿಪ್‌ನಲ್ಲಿ ಖಾಲಿ ಜಾಗ ಕಡಿಮೆ.

ಫರ್ಮ್‌ವೇರ್ ಬಿಡಿಸಿ ತೋರಿಸುವ ಯುಇಎಫ್‌ಐಟೂಲ್‌ನಲ್ಲಿ ಫೈಲ್ ತೆರೆದೆ. ಇದರಲ್ಲಿ ಎರಡು ಬಗೆ ಇವೆ. ಎನ್‌ಇ ಅಂತ ಇರುವ ಹೊಸದು ನೋಡುವುದಕ್ಕೆ ಮಾತ್ರ. ತಿದ್ದಲು ಹಳೆಯ 0.28 ಬೇಕು. ಡಿಎಕ್ಸ್‌ಇ ಕೋರ್ ಹುಡುಕಿ, ಅದಿರುವ ವಾಲ್ಯೂಮ್‌ನಲ್ಲಿ ಕೆಳಗೆ ಇಳಿದು, ಕೊನೆಯ ಡ್ರೈವರ್ ಮೇಲೆ ಬಲಕ್ಲಿಕ್ ಮಾಡಿ, ಇದರ ನಂತರ ಸೇರಿಸು ಅಂದೆ. ಸೇರಿತು. ಉಳಿಸಿದೆ. ಹತ್ತು ನಿಮಿಷದ ಕೆಲಸ. ಗಾತ್ರ ನೋಡಿದೆ, 83,88,608. ಸರಿ.

ಕೆಲವು ಪ್ಯಾರಾ ಹಿಂದೆ ನಾನೇ ಬರೆದಿದ್ದೇನೆ, ಗಾತ್ರ ಸರಿ ಇದ್ದರೆ ಒಳಗಿನದು ಸರಿ ಅಂತ ಅಲ್ಲ ಅಂತ. ಓದುವಾಗ ನೆನಪಿದ್ದ ಮಾತು ಬರೆಯುವಾಗ ಮರೆತೆ. ರಾತ್ರಿ ಹನ್ನೊಂದಾಗಿತ್ತು, ಕ್ಲಿಪ್ ಇನ್ನೂ ಚಿಪ್ ಮೇಲೇ ಕೂತಿತ್ತು, ಮತ್ತೆ ತೆಗೆದು ಹಾಕುವ ಸೋಮಾರಿತನ. ಬರೆದೆ. ಬರೆದದ್ದನ್ನು ಫ್ಲ್ಯಾಶ್‌ರಾಮ್ ತಾನೇ ಓದಿ ತಾಳೆ ನೋಡಿತು, ಸರಿ ಇದೆ ಅಂದಿತು. ಅದು ಹೇಳಿದ್ದೂ ನಿಜವೇ. ನಾನು ಕೊಟ್ಟ ತಪ್ಪು ಫೈಲನ್ನು ಅದು ತಪ್ಪಿಲ್ಲದೆ ಬರೆದಿತ್ತು.

ಕ್ಲಿಪ್ ತೆಗೆದು, ಬ್ಯಾಟರಿ ಹಾಕಿ, ಆನ್ ಮಾಡಿದೆವು. ಫ್ಯಾನ್ ತಿರುಗಿತು. ಎರಡು ಸೆಕೆಂಡ್‌ಗೆ ನಿಂತಿತು. ಮತ್ತೆ ತಿರುಗಿತು, ಮತ್ತೆ ನಿಂತಿತು. ಪರದೆ ಕಪ್ಪು. ಬೀಪ್ ಇಲ್ಲ. ಭಾವ ಏನೂ ಮಾತಾಡಲಿಲ್ಲ. ಅದು ಬೈದದ್ದಕ್ಕಿಂತ ಜಾಸ್ತಿ ಆಯಿತು. ಸ್ವಲ್ಪ ಹೊತ್ತಾದ ಮೇಲೆ "ಬೆಳಿಗ್ಗೆ ನೋಡೋಣ ಬಿಡು" ಅಂದು ಎದ್ದು ಹೋದರು.

ಹೆದರಬೇಕಾದ ಕಾರಣ ಇರಲಿಲ್ಲ. ಹಳೆಯದು ಪೂರ್ತಿ ಕೈಯಲ್ಲಿತ್ತು, ಬರೆಯುವ ಉಪಕರಣಕ್ಕೆ ಬೋರ್ಡ್ ಬದುಕಿರಬೇಕು ಅಂತಲೂ ಇಲ್ಲ. ಆದರೂ ನಿದ್ದೆ ಬರಲಿಲ್ಲ. ಎಫ್‌ಪಿಟಿಯಿಂದ ವಿಂಡೋಸ್ ಒಳಗೇ ಬರೆಯಲು ಹೊರಟಿದ್ದೆನಲ್ಲ, ಆಗ ಎರರ್ 280 ಬಾರದೇ ಹೋಗಿದ್ದರೆ? ಆಗಿನ್ನೂ ನನ್ನ ಬಳಿ ಕ್ಲಿಪ್ಪೂ ಇರಲಿಲ್ಲ, ಪೂರ್ತಿ ಚಿಪ್‌ನ ಪ್ರತಿಯೂ ಇರಲಿಲ್ಲ. ಬೂಟ್ ಆಗದ ಯಂತ್ರದಲ್ಲಿ ವಿಂಡೋಸ್ ತೆರೆದು ಎಫ್‌ಪಿಟಿ ಓಡಿಸುವುದು ಹೇಗೆ? ಕೆಲವು ಬೋರ್ಡ್‌ಗಳಲ್ಲಿ ಎರಡನೆಯ ಬಯಾಸ್ ಚಿಪ್ ಇರುತ್ತದೆ, ಕೆಲವದರಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬರೆಸುವ ಬಟನ್ ಇರುತ್ತದೆ. ಇದರಲ್ಲಿ ಅದ್ಯಾವುದೂ ಇಲ್ಲ. ಆ ಎರರ್ ನನ್ನನ್ನು ಕಾಪಾಡಿತ್ತು, ಆಗ ನಾನು ಅದನ್ನು ಬೈದಿದ್ದೆ.

ಬೆಳಿಗ್ಗೆ ಹಳೆ ಫೈಲ್ ವಾಪಸ್ ಬರೆದೆ. ಬೋರ್ಡ್ ಎದ್ದಿತು, ಏನೂ ಆಗಿಲ್ಲವೇನೋ ಅನ್ನುವ ಹಾಗೆ.

ಕಾಣದೇ ಹೋದ ಪ್ಯಾಡ್ ಫೈಲ್

ತಪ್ಪು ಹುಡುಕಲು ಯುಇಎಫ್‌ಐಟೂಲ್‌ನ ಎರಡು ಕಿಟಕಿ ಪಕ್ಕಪಕ್ಕ ತೆರೆದೆ. ಎಡಕ್ಕೆ ಮೂಲ, ಬಲಕ್ಕೆ ತಿದ್ದಿದ್ದು. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಹೋದೆ. ಡಿಎಕ್ಸ್‌ಇ ಡ್ರೈವರ್‌ಗಳೆಲ್ಲ ಇವೆ. ಹೊಸ ಎನ್‌ವಿಎಂಇ ಇದೆ. ಅದಕ್ಕಿಂತ ಸ್ವಲ್ಪ ಕೆಳಗೆ ಎಡಗಡೆ ಪ್ಯಾಡ್ ಫೈಲ್ ಅಂತ ಒಂದು ಸಾಲು, ಬಲಗಡೆ ಆ ಸಾಲೇ ಇಲ್ಲ.

ಪ್ಯಾಡ್ ಫೈಲ್ ಅಂದರೆ ಗೋಡೆ ಕಟ್ಟುವಾಗ ಸಂದಿಗೆ ತುರುಕುವ ಚಕ್ಕೆ ಕಲ್ಲಿನ ಹಾಗೆ. ಮುಂದಿನ ಫೈಲ್ ಸರಿಯಾದ ವಿಳಾಸದಲ್ಲಿ ಕೂರಲಿ ಅಂತ ಜಾಗ ತುಂಬಿಸುವುದು. ಸಾಮಾನ್ಯವಾಗಿ ಒಳಗೆ ಬರೀ ಎಫ್‌ಎಫ್ ಇರುತ್ತದೆ, ಕಿತ್ತರೂ ತೊಂದರೆ ಇಲ್ಲ. ಯುಇಎಫ್‌ಐಟೂಲ್ ಅದೇ ಲೆಕ್ಕದಲ್ಲಿ, ಹೊಸ ಡ್ರೈವರ್‌ಗೆ ಜಾಗ ಹೊಂದಿಸುವಾಗ ಇದನ್ನು ಕಿತ್ತುಹಾಕಿತ್ತು. ಮೂಲ ಫೈಲ್‌ನಲ್ಲಿ ಅದನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿದೆ. ಮೊದಲ ಕೆಲವು ಸಾಲು ಎಫ್‌ಎಫ್, ಆಮೇಲೆ ಎಫ್‌ಎಫ್ ಅಲ್ಲದ ಬೈಟ್‌ಗಳು. ಖಾಲಿ ಚಕ್ಕೆ ಅಲ್ಲ, ಒಳಗೆ ಏನೋ ಇಟ್ಟಿದ್ದಾರೆ. ಈ ಕಾಲದ ಬೋರ್ಡ್‌ಗಳಲ್ಲಿ ಇದು ಗೊತ್ತಿರುವ ಬಲೆ. ನನಗೂ ಗೊತ್ತಿತ್ತು. ನೋಡಿಕೊಳ್ಳಬೇಕು ಅಂತ ನನ್ನ ಟಿಪ್ಪಣಿಯಲ್ಲೇ ಬರೆದುಕೊಂಡಿದ್ದೆ, ಬೇಕಾದರೆ ಭಾವನನ್ನು ಕೇಳಿ.

ಎರಡನೆಯ ಸಲ ಉಪಕರಣ ಬದಲಿಸಿದೆ. ಈ ಬೋರ್ಡಿನ ಫರ್ಮ್‌ವೇರ್ ಎಎಂಐ ಕಂಪನಿಯ ಆಪ್ಟಿಯೋ 4. ಅದಕ್ಕೆ ಎಎಂಐ ತನ್ನದೇ ಎಂಎಂಟೂಲ್ ಮಾಡಿದೆ, 4.50 ಆವೃತ್ತಿ ಈ ತಲೆಮಾರಿಗೆ ಸರಿಹೊಂದುತ್ತದೆ. 8 ಎಂಬಿಯ ಪೂರ್ತಿ ಫೈಲ್ ಅದರ ಮುಂದೆ ಇಡುವ ಬದಲು ಬಯಾಸ್ ಭಾಗವನ್ನಷ್ಟೇ ಯುಇಎಫ್‌ಐಟೂಲ್‌ನಿಂದ ಹೊರತೆಗೆದೆ. ಇಲ್ಲಿ ಅದು 6.5 ಎಂಬಿ, 68,15,744 ಬೈಟ್. ಅದಕ್ಕೆ ಎಂಎಂಟೂಲ್‌ನಿಂದ ಡ್ರೈವರ್ ಸೇರಿಸಿ, ಹೆಕ್ಸ್ ಎಡಿಟರ್‌ನಲ್ಲಿ ಮೂಲ ಫೈಲ್‌ನ ಅದೇ ಜಾಗಕ್ಕೆ ಅಂಟಿಸಿದೆ: ಹೆಕ್ಸ್ ವಿಳಾಸ 180000ರಿಂದ ಕೊನೆಯವರೆಗೆ. ಸೇರಿಸುವುದಲ್ಲ, ಇದ್ದದ್ದರ ಮೇಲೆಯೇ ಬರೆಯುವುದು. ಒಂದು ಬೈಟ್ ಹೆಚ್ಚುಕಮ್ಮಿ ಆದರೂ ಕೊನೆಯ ಭಾಗ ಸರಿದುಹೋಗುತ್ತದೆ. ಪ್ರೊಸೆಸರ್ ಎದ್ದ ಕೂಡಲೇ ಮೊದಲ ಆದೇಶ ಹುಡುಕುವುದು 4 ಜಿಬಿ ವಿಳಾಸದ ಗಡಿಯಿಂದ 16 ಬೈಟ್ ಕೆಳಗೆ, ಅಂದರೆ ಈ ಚಿಪ್‌ನ ತೀರಾ ಕೊನೆಯಲ್ಲಿ. ಅಲ್ಲಿ ಬೇರೆ ಏನಾದರೂ ಸಿಕ್ಕಿದರೆ ಫ್ಯಾನ್ ತಿರುಗುವುದಷ್ಟೇ ಆಗುವ ಕೆಲಸ.

ಮತ್ತೆ ಎರಡು ಕಿಟಕಿ, ಮತ್ತೆ ಬೆರಳು. ಪ್ಯಾಡ್ ಫೈಲ್ ಇದ್ದಲ್ಲೇ ಇದೆ, ಅದರ ಗಾತ್ರವೂ ಅದೇ. ಹೊಸ ಸಾಲು ಒಂದೇ ಒಂದು: ಎನ್‌ವಿಎಂಇ. ಈ ಸಲ ಹಗಲು ಹೊತ್ತಿನಲ್ಲಿ ಬರೆದೆ.

2013ರ ಹ್ಯಾಸ್‌ವೆಲ್‌ನಿಂದ ಮುಂದೆ ಇಂಟೆಲ್ ಬೂಟ್ ಗಾರ್ಡ್ ಅನ್ನುವ ಕಾವಲು ಬಂದಿದೆ ಅನ್ನುವುದನ್ನೂ ಇಲ್ಲೇ ಹೇಳಬೇಕು. ಅದನ್ನು ಚಾಲೂ ಮಾಡಿದ ಯಂತ್ರಗಳಲ್ಲಿ, ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ, ಫರ್ಮ್‌ವೇರ್ ತಿದ್ದಿದ್ದು ಗೊತ್ತಾದರೆ ಯಂತ್ರ ಏಳುವುದೇ ಇಲ್ಲ. ಎಷ್ಟು ಚೆನ್ನಾಗಿ ಪ್ಯಾಡ್ ಫೈಲ್ ಕಾಪಾಡಿದರೂ ಪ್ರಯೋಜನ ಇಲ್ಲ. 2012ರ ಬೋರ್ಡ್ ಆದ್ದರಿಂದ ನಮಗೆ ಆ ಕಾಟ ಇರಲಿಲ್ಲ.

ಪಾಟಾ ಎಸ್‌ಎಸ್

ಎದ್ದಿತು. ಸೆಟಪ್‌ಗೆ ಹೋಗಿ ಬೂಟ್ ಪಟ್ಟಿ ನೋಡಿದರೆ ಡ್ರೈವ್‌ನ ಹೆಸರು ಇಲ್ಲ. ಅದರ ಜಾಗದಲ್ಲಿ "ಪಾಟಾ ಎಸ್‌ಎಸ್" ಅಂತ ಒಂದು ಸಾಲು. ಪಾಟಾ ಅಂದರೆ ಅಗಲದ ಪಟ್ಟಿ ಕೇಬಲ್‌ನ ಕಾಲದ ಹಳೆ ಡಿಸ್ಕ್. ಭಾವ "ಇದ್ಯಾವುದೋ ಬೇರೆ ಕಣೋ" ಅಂದರು. ಬೇರೆ ಅಲ್ಲ. ಡ್ರೈವರ್ ಕೆಲಸ ಮಾಡುತ್ತಿದೆ, ಡ್ರೈವ್ ಸಿಕ್ಕಿದೆ. ಆದರೆ ಬೂಟ್ ಪಟ್ಟಿ ತೋರಿಸುವ ಹಳೆ ಕೋಡ್‌ಗೆ ಈ ಜಾತಿಯ ಡ್ರೈವ್‌ಗೆ ಏನು ಹೆಸರು ಅಂತ ಗೊತ್ತಿಲ್ಲ, ತನಗೆ ತೋಚಿದ ಹೆಸರು ಹಾಕಿದೆ. ವಿಂಡೋಸ್ ಹಾಕಿದ ಮೇಲೆ ಪಟ್ಟಿಯಲ್ಲಿ ಬರುವ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನುವ ಸಾಲನ್ನೇ ಮೊದಲಿಗೆ ಇಡಬೇಕು, ಈ ಪಾಟಾವನ್ನು ಮುಟ್ಟುವುದೇ ಬೇಡ.

ವಿಂಡೋಸ್ 10 ಹೊಸದಾಗಿ ಹಾಕುವಾಗ ಸಾಟಾ ಡಿಸ್ಕ್‌ಗಳ ಕೇಬಲ್ ಎಲ್ಲ ಕಿತ್ತಿಟ್ಟೆ. ಇಲ್ಲದಿದ್ದರೆ ಇನ್‌ಸ್ಟಾಲರ್ ಬೂಟ್‌ಲೋಡರನ್ನು ಸದ್ದಿಲ್ಲದೆ ಹಳೆ ಡಿಸ್ಕಿನ ಮೇಲೆ ಇಟ್ಟುಬಿಡುತ್ತದೆ, ಆಮೇಲೆ ಆ ಡಿಸ್ಕ್ ತೆಗೆದ ದಿನ ಯಂತ್ರ ಬೂಟ್ ಆಗಲ್ಲ. ಪೆನ್‌ಡ್ರೈವ್ ಕೂಡ ಯುಇಎಫ್‌ಐ ಅಂತ ಬರೆದಿರುವ ಸಾಲಿನಿಂದಲೇ ಬೂಟ್ ಮಾಡಿ, ಡಿಸ್ಕ್ ಹಂಚಿಕೆಗೆ ಯುಇಎಫ್‌ಐ ಬಯಸುವ ಜಿಪಿಟಿ ಪಾರ್ಟಿಷನ್ ಇಟ್ಟೆ. ಹಳೆ ಕಾಲದ ಹೊಂದಾಣಿಕೆಗಾಗಿ ಇರುವ ಸಿಎಸ್‌ಎಂ ಪೂರ್ತಿ ಆಫ್ ಮಾಡಲು ನೋಡಿದೆ, ಪರದೆ ಕಪ್ಪಾಯಿತು. ಎದೆ ಒಂದು ಸಲ ಧಸಕ್ಕೆಂದಿತು. ಈ ಸಲ ತಪ್ಪು ಗ್ರಾಫಿಕ್ಸ್ ಕಾರ್ಡಿನದು: ಅದರ ಫರ್ಮ್‌ವೇರ್‌ನಲ್ಲಿ ಯುಇಎಫ್‌ಐ ಚಿತ್ರ ತೋರಿಸುವ ಭಾಗ ಇಲ್ಲ. ಸಿಮಾಸ್ ಕ್ಲಿಯರ್ ಮಾಡಿ (ಸೆಟಪ್ ಆಯ್ಕೆಗಳನ್ನೆಲ್ಲ ಮೊದಲಿನ ಸ್ಥಿತಿಗೆ ತಂದು), ಸಿಎಸ್‌ಎಂ ಇಟ್ಟುಕೊಂಡು, ಸ್ಟೋರೇಜ್‌ಗೆ ಮಾತ್ರ ಯುಇಎಫ್‌ಐ ಅಂತ ಆರಿಸಿದೆ. ಕ್ಲಿಯರ್ ಮಾಡಿದ್ದರಿಂದ ಸ್ಲಾಟ್ ಮತ್ತೆ ಒಂದು ಲೇನ್‌ಗೆ ಹೋಗಿತ್ತು, ಅದನ್ನೂ ನಾಲ್ಕಕ್ಕೆ ತಂದೆ.

ಆಮೇಲೆ ವೇಗ. ಅಳೆದು ನೋಡಿದಾಗ ಸಾಲಾಗಿ ಓದುವ ವೇಗ ಸೆಕೆಂಡಿಗೆ 1,600 ಎಂಬಿ ಆಸುಪಾಸು. ಲೆಕ್ಕದ 2 ಜಿಬಿಗಿಂತ ಕಡಿಮೆ, ಆದರೆ ಸಾಟಾಗಿಂತ ಸುಮಾರು ಮೂರು ಪಟ್ಟು. ಭಾವ ಮಾಡಿದ ಮೊದಲ ಪರೀಕ್ಷೆ ಮಾತ್ರ ಬೇರೆ: ಹಳೆ ಸಾಟಾ ಡಿಸ್ಕಿನಿಂದ ಹೊಸದಕ್ಕೆ ದೊಡ್ಡ ಫೋಲ್ಡರ್ ಕಾಪಿ. "ಅಷ್ಟೇ ನಿಧಾನ ಇದೆಯಲ್ಲೋ" ಅಂದರು. ಸಾಟಾ ಡಿಸ್ಕ್ ಕೊಡುವಷ್ಟೇ ತಾನೇ ಇದು ತೆಗೆದುಕೊಳ್ಳುವುದು. ಬೂಟ್ ಆಗುವ ಸಮಯದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ವ್ಯತ್ಯಾಸ ಕಂಡದ್ದು ಎಡಿಟಿಂಗ್‌ನಲ್ಲಿ. ನಾಲ್ಕೈದು ವಿಡಿಯೋ ಒಂದರ ಮೇಲೊಂದು ಇಟ್ಟು ಟೈಮ್‌ಲೈನ್ ಎಳೆದಾಡಿದಾಗ ಮೊದಲಿನ ತಡವರಿಕೆ ಇರಲಿಲ್ಲ. ಬರೀ ಬ್ರೌಸರ್, ಪತ್ರ ಬರೆಯುವುದು ಇಷ್ಟೇ ಕೆಲಸ ಇರುವವರು ಇದಕ್ಕಾಗಿ ಚಿಪ್‌ಗೆ ಕ್ಲಿಪ್ ಹಾಕುವುದು ಸುಮ್ನೆ ತಲೆನೋವು.

ಕ್ಯಾಬಿನೆಟ್ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ: "ಬಯಾಸ್ ಅಪ್‌ಡೇಟ್ ಮಾಡಬಾರದು." ತಯಾರಕರ ಫೈಲ್ ಹಾಕಿದರೆ ಸೇರಿಸಿದ ಡ್ರೈವರ್ ಅಳಿಸಿಹೋಗುತ್ತದೆ.

ಆರು ತಿಂಗಳಾದ ಮೇಲೆ ಭಾವ ಮತ್ತೆ ಫೋನ್ ಮಾಡಿದರು. ದನಿಯಲ್ಲೇ ಗಾಬರಿ. "ಎಲ್ಲಾ ಹೋಯ್ತು ಕಣೋ, ಬಯಾಸ್ ಹಳೇದಕ್ಕೇ ವಾಪಸ್ ಹೋಗಿದೆ. ತಾರೀಕು 2012 ತೋರಿಸ್ತಿದೆ."

"ಪಾಟಾ ಎಸ್‌ಎಸ್ ಇದೆಯಾ ನೋಡಿ ಭಾವ."

ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. "ಇದೆ."

"ಹಾಗಾದರೆ ಡ್ರೈವರ್ ಎಲ್ಲೂ ಹೋಗಿಲ್ಲ. ತಾರೀಕು, ಸೆಟ್ಟಿಂಗ್ ನೆನಪಿಡಿಸೋ ಗುಂಡಿ ಬ್ಯಾಟರಿ ಮುಗಿದಿದೆ. ಸಿಆರ್2032 ಅಂತ ಕೇಳಿ ತನ್ನಿ. ಹಾಕಿದ ಮೇಲೆ ಸ್ಲಾಟ್ ನಾಲ್ಕು ಲೇನ್‌ಗೆ ಇಡೋದು ಮರೀಬೇಡಿ."